ಮನೆಪಾಠ, ಕಾಫಿ ಕೊಯ್ಲು, ಕ್ರಿಸ್‌ಮಸ್ ಕೇಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿರುವ ಕೊಡಗಿನ ಓದುಗರ ಪ್ರಶ್ನೆಗಳು ಈ ಸಲದವು. ಅರ್ಧ ಪಾಠದ್ದು, ಅರ್ಧ ಕೇಕಿನದು. ಎರಡನ್ನೂ ಬೇರೆ ಬೇರೆ ಮಾಡಲು ನಾವು ಹೋಗಿಲ್ಲ.

ಪ್ರಶ್ನೆ: ನಮಗೆ 7 ಮತ್ತು 11 ವರ್ಷದ ಇಬ್ಬರು ಮಕ್ಕಳು. ಡಿಸೆಂಬರಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಜೋರಾಗಿರುವುದರಿಂದ ಪುಸ್ತಕದ ಪಾಠ ನಡೆಯುವುದೇ ಇಲ್ಲ. ಕ್ರಿಸ್‌ಮಸ್ ವಾರದಲ್ಲಿ ಕೈಯಾರೆ ಮಾಡಿ ಕಲಿಯುವಂಥದ್ದನ್ನು ಹೇಗೆ ಹೊಂದಿಸಿಕೊಳ್ಳುವುದು? — ವಿರಾಜಪೇಟೆ ಕಡೆಯ ಓದುಗರು

ಕೊಯ್ಲನ್ನೇ ಪಾಠ ಮಾಡಿಕೊಳ್ಳಿ. ದಿನಕ್ಕೊಂದು ಹೊಸ ಚಟುವಟಿಕೆ ಎಂದು ಪಟ್ಟಿ ಬರೆದರೆ ಅದು ಬುಧವಾರದೊಳಗೆ ಕೈಬಿಟ್ಟುಹೋಗುತ್ತದೆ. ವಾರಪೂರ್ತಿ ನಡೆಯುವ ಕೆಲಸ ಒಂದಿರಲಿ. ಅದರ ಪಕ್ಕಕ್ಕೆ ಚಿಕ್ಕಪುಟ್ಟವು ಎರಡೋ ಮೂರೋ ಸಾಕು.

ಸೋಮವಾರ ಚೆನ್ನಾಗಿ ಕೆಂಪಾದ ಅರೇಬಿಕಾ ಹಣ್ಣನ್ನು ಸರಿಯಾಗಿ 1 ಕಿಲೋ ತೂಗಿಸಿ. ಇದು ಒಣಗಿ ಎಷ್ಟು ಗ್ರಾಂ ಉಳಿದೀತು ಎಂದು ಮಕ್ಕಳಿಬ್ಬರೂ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಅರ್ಧ ಕಿಲೋ ಎಂದು ಬರೆದರೆ ತಿದ್ದಬೇಡಿ. ಆಮೇಲೆ ಹಣ್ಣನ್ನು ಬಕೆಟ್ ನೀರಿಗೆ ಸುರಿಯಿರಿ. ತೇಲಿದ್ದನ್ನು ಎಣಿಸಿ, ಒಂದೊಂದನ್ನೇ ಸೀಳಿ ನೋಡಲಿ. ಕೆಲವು ಒಳಗೆ ಜೊಳ್ಳಾಗಿರುತ್ತವೆ. ಕೆಲವದರ ತುದಿಯಲ್ಲಿ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತು ಕಂಡರೆ ಅದು ಕಾಯಿಕೊರಕ. ಒಳಗಿನ ಬೀಜವನ್ನು ಕತ್ತರಿಸಿದರೆ ಕಪ್ಪು ಹುಳು ಎಳ್ಳಿಗಿಂತ ಚಿಕ್ಕದಾಗಿ ಕಾಣುತ್ತದೆ. ನೋಡಿದ ಮೇಲೆ ಆ ಹಣ್ಣುಗಳನ್ನು ಕುದಿಯುವ ನೀರಿಗೆ ಹಾಕಿ. ಗೊಬ್ಬರದ ಗುಂಡಿಗೆ ಎಸೆದರೆ ಹುಳು ಮತ್ತೆ ತೋಟ ಸೇರುತ್ತದೆ.

ಮುಳುಗಿದ ಹಣ್ಣನ್ನು ಬೆರಳಲ್ಲಿ ಹಿಸುಕಿದರೆ ಬೀಜ ಎರಡು ಪುಳಕ್ಕನೆ ಹೊರಬರುತ್ತವೆ. ಒಂದೇ ಉರುಟು ಬೀಜ ಬಂದರೆ ಪೀಬೆರಿ. 100 ಹಣ್ಣಿಗೆ ಪೀಬೆರಿ ಎಷ್ಟು ಎಂದು ದೊಡ್ಡವನು ಲೆಕ್ಕ ಇಟ್ಟರೆ ಶೇಕಡಾವಾರು ಪಾಠ ಅಲ್ಲೇ ಮುಗಿಯಿತು. ಬೀಜದ ಮೇಲಿನ ಲೋಳೆ ನೀರಲ್ಲಿ ತೊಳೆದರೆ ಹೋಗುವುದಿಲ್ಲ, ಕೊಳೆತೇ ಬಿಡಬೇಕು. ಸ್ಟೀಲ್ ಪಾತ್ರೆಯಲ್ಲಿ ನೀರು ಹಾಕದೆ ಮುಚ್ಚಿಡಿ. ಸಾಧಾರಣವಾಗಿ 24ರಿಂದ 36 ಗಂಟೆ ಬೇಕು, ಚಳಿ ಹೆಚ್ಚಿದ್ದರೆ ಇನ್ನೂ ತಡ. ಗಡಿಯಾರ ನಂಬಬೇಡಿ, ಕೈ ನಂಬಿ. ಒಂದು ಹಿಡಿ ಬೀಜ ನೀರಲ್ಲಿ ಉಜ್ಜಿದಾಗ ಜಾರಿದರೆ ಇನ್ನೂ ಆಗಿಲ್ಲ. ಹೊಳೆಯ ಸಣ್ಣ ಕಲ್ಲು ಉಜ್ಜಿದಂತೆ ಗರಗರ ಎಂದರೆ ಆಯಿತು. ಹುಳಿ ಮೀರಿ ನಾತ ಬರಲು ಶುರುವಾದರೆ ಹೊತ್ತು ದಾಟಿತು ಎಂದರ್ಥ.

ಮೂರು ನಾಲ್ಕು ನೀರಲ್ಲಿ ತೊಳೆದು ಜಾಲರಿ ಮೇಲೆ ತೆಳುವಾಗಿ ಹರವಿ. ಸಂಜೆ ಇಬ್ಬನಿ ಬೀಳುವ ಮೊದಲೇ ಮುಚ್ಚಬೇಕು. ಈ ಕೆಲಸ ಚಿಕ್ಕವಳ ಪಾಲಿಗಿರಲಿ. ದಿನವೂ ಒಂದೇ ಹೊತ್ತಿಗೆ ತೂಗಿ ಗ್ರಾಫ್ ಕಾಗದದಲ್ಲಿ ಚುಕ್ಕೆ ಇಡಿಸಿ. ಗೆರೆ ಮೊದಲ ಮೂರು ದಿನ ಧಡಕ್ಕನೆ ಇಳಿದು ಆಮೇಲೆ ಚಪ್ಪಟೆಯಾಗುತ್ತದೆ. ತೂಕ ಎರಡು ದಿನ ಕದಲದಿದ್ದರೆ ಒಣಗಿತು. ಬಿಸಿಲು ಸರಿಯಾಗಿದ್ದರೆ ವಾರದಿಂದ ಹತ್ತು ದಿನ. ಕೈಗೆ ಸುಮಾರು 200 ಗ್ರಾಂ ಪಾರ್ಚ್‌ಮೆಂಟ್, ಅಂದರೆ ತೆಳು ಸಿಪ್ಪೆ ಇರುವ ಒಣಬೀಜ ಸಿಗುತ್ತದೆ, ಸಿಪ್ಪೆ ಬಿಡಿಸಿದರೆ ಇನ್ನೂ ಕಡಿಮೆ. ಸೋಮವಾರದ ಊಹೆಯನ್ನು ಆಗ ತೆಗೆದು ನೋಡಲಿ. ಕ್ರಿಸ್‌ಮಸ್ ದಾಟಿ ಹೋದರೂ ಚಿಂತೆಯಿಲ್ಲ.

ಪಕ್ಕದ ಕೆಲಸಗಳೆಂದರೆ ಮಂಗಳವಾರ ಕೇಕಿನ ಒಣಹಣ್ಣು ನೆನೆಹಾಕುವುದು, ಬುಧವಾರ ಕೆಳಗೆ ಹೇಳಿರುವ ದಾಸವಾಳದ ಪ್ರಯೋಗ, ಗುರುವಾರ ಕೇಕು. ಶುಕ್ರವಾರ ಖರ್ಚಿನ ಲೆಕ್ಕ ಒಂದೇ: ಕೇಕು ಮನೆಯಲ್ಲಿ ಎಷ್ಟಕ್ಕೆ ಬಿತ್ತು, ಬೇಕರಿಯಲ್ಲಿ ಎಷ್ಟು.

ಪ್ರಶ್ನೆ: ಅಡುಗೆಸೋಡಾಕ್ಕೂ ಬೇಕಿಂಗ್ ಪೌಡರಿಗೂ ಏನು ವ್ಯತ್ಯಾಸ ಎಂದು ಮಗಳು ಕೇಳಿದಳು. ಬಾಯಲ್ಲಿ ಹೇಳಿದರೆ ಅವಳಿಗೆ ಸಾಲದು. — ಸುಂಟಿಕೊಪ್ಪ

ಕೆಂಪು ದಾಸವಾಳದ ಐದು ಹೂವಿನ ಎಸಳನ್ನು ಒಂದು ಲೋಟ ಬಿಸಿನೀರಲ್ಲಿ ಕಾಲು ಗಂಟೆ ಬಿಟ್ಟು ಸೋಸಿ. ಆ ಬಣ್ಣದ ನೀರನ್ನು ಬಿಳಿ ಬಟ್ಟಲುಗಳಿಗೆ ಎರಡೆರಡು ಚಮಚ ಹಾಕಿ. ಒಂದಕ್ಕೆ ನಿಂಬೆರಸ, ಒಂದಕ್ಕೆ ಸೋಡಾ ಕದಡಿದ ನೀರು, ಒಂದಕ್ಕೆ ಸಾಬೂನು ನೀರು, ಒಂದಕ್ಕೆ ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿ. ಹುಳಿಯಿದ್ದ ಕಡೆ ಕಡುಗುಲಾಬಿ, ಸೋಡಾ ಮತ್ತು ಸಾಬೂನು ಇದ್ದ ಕಡೆ ಹಸಿರು. ಕಾಚಂಪುಳಿ ತಾನೇ ಕಪ್ಪಾದ್ದರಿಂದ ಹಾಗೇ ಸುರಿದರೆ ಏನೂ ಕಾಣದು. ಅದರ ಎರಡು ಹನಿಯನ್ನು ಒಂದು ಚಮಚ ನೀರಲ್ಲಿ ಬೆರೆಸಿ ಹಾಕಿ.

ಈಗ ಎರಡು ಒಣಲೋಟ ತೆಗೆದುಕೊಳ್ಳಿ. ಒಂದರಲ್ಲಿ ಅರ್ಧ ಚಮಚ ಸೋಡಾ, ಇನ್ನೊಂದರಲ್ಲಿ ಅರ್ಧ ಚಮಚ ಬೇಕಿಂಗ್ ಪೌಡರ್. ಎರಡಕ್ಕೂ ಬರೀ ಬಿಸಿನೀರು ಹಾಕಿ. ಸೋಡಾ ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಪೌಡರ್ ನೊರೆಯುಕ್ಕುತ್ತದೆ. ಪೌಡರಿನಲ್ಲಿ ಸೋಡಾದ ಜೊತೆಗೇ ಒಣ ಹುಳಿಯೂ ಇದೆ, ನೀರು ಸಿಕ್ಕಿದ ಕೂಡಲೇ ಎರಡೂ ಸೇರುತ್ತವೆ. ಸೋಡಾದ ಲೋಟಕ್ಕೆ ನಿಂಬೆ ಹಿಂಡಿದರೆ ಆಗ ಅದೂ ಉಕ್ಕುತ್ತದೆ. ಮೊಸರೋ ಕಿತ್ತಳೆ ರಸವೋ ಇಲ್ಲದ ಕೇಕಿಗೆ ಸೋಡಾ ಮಾತ್ರ ಹಾಕಿದರೆ ಸಾಬೂನಿನ ರುಚಿ ಬರುವುದು ಇದಕ್ಕೇ. ಹಳೇ ಡಬ್ಬಿಯ ಪೌಡರ್ ಇನ್ನೂ ಜೀವಂತ ಇದೆಯೇ ಎಂದು ನೋಡಲಿಕ್ಕೂ ಇದೇ ಪರೀಕ್ಷೆ ಸಾಕು. ಮಳೆಗಾಲ ಕಳೆದ ಡಬ್ಬಿಯನ್ನು ನಮ್ಮಲ್ಲಿ ಪರೀಕ್ಷಿಸದೆ ಬಳಸಲೇಬಾರದು.

ಪ್ರಶ್ನೆ: ಮಂಗಳೂರಿನ ಅತ್ತಿಗೆ ಕೊಟ್ಟ ಅಳತೆಯಲ್ಲೇ ಕೇಕು ಮಾಡುತ್ತೇನೆ. ಅವರ ಮನೆಯಲ್ಲಿ ಉಬ್ಬಿ ನಿಲ್ಲುತ್ತದೆ, ನನ್ನದು ಉಬ್ಬಿ ನಡುವೆ ಕುಸಿಯುತ್ತದೆ. ಬೆಣ್ಣೆ-ಮೊಟ್ಟೆ ಮಿಶ್ರಣವೂ ಒಡೆದ ಹಾಲಿನಂತಾಗುತ್ತದೆ. — ಮಡಿಕೇರಿ

ಎರಡೂ ನಿಮ್ಮ ಊರಿನ ತಪ್ಪು, ನಿಮ್ಮದಲ್ಲ. ಮಂಗಳೂರು ಕಡಲ ಮಟ್ಟದಲ್ಲಿದೆ. ಮಡಿಕೇರಿ 1,100 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಅಲ್ಲಿಗಿಂತ ಸುಮಾರು ಎಂಟರಲ್ಲಿ ಒಂದು ಪಾಲು ಕಡಿಮೆ. ಹಿಟ್ಟಿನೊಳಗಿನ ಗುಳ್ಳೆ ಬೇಗ ಹಿಗ್ಗುತ್ತದೆ, ಸುತ್ತಲಿನ ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಒಡೆದುಹೋಗುತ್ತದೆ. 1 ಚಮಚ ಬೇಕಿಂಗ್ ಪೌಡರ್ ಎಂದಿದ್ದಲ್ಲಿ ಮುಕ್ಕಾಲು ಚಮಚ ಹಾಕಿ. ಓವನ್ನನ್ನು 5ರಿಂದ 10 ಡಿಗ್ರಿ ಹೆಚ್ಚಿಸಿ. ಒಂದು ದೊಡ್ಡ ಚಮಚ ಹಾಲು ಜಾಸ್ತಿ ಮಾಡಿ. ಕುಶಾಲನಗರ, ಗೋಣಿಕೊಪ್ಪ ಇನ್ನೂ ತಗ್ಗಿನಲ್ಲಿರುವುದರಿಂದ ಅಲ್ಲಿ ಪೌಡರ್ ಸ್ವಲ್ಪ ಕಡಿಮೆ ಮಾಡಿದರೆ ಸಾಕು. ಇಷ್ಟಾದರೂ ಕುಸಿದರೆ ಬೇಯುವುದು ಸಾಲದಾಗಿದೆ, ಇಲ್ಲವೇ ಮೊದಲ ಅರ್ಧ ಗಂಟೆಯಲ್ಲಿ ಯಾರೋ ಬಾಗಿಲು ತೆಗೆದಿದ್ದಾರೆ.

ಮಿಶ್ರಣ ಒಡೆಯುವುದಕ್ಕೆ ಚಳಿ ಕಾರಣ. ಫ್ರಿಜ್ಜಿನ ಮೊಟ್ಟೆ ತಣ್ಣಗಿನ ಬೆಣ್ಣೆಗೆ ಬಿದ್ದರೆ ಬೆಣ್ಣೆ ಹೆಪ್ಪುಗಟ್ಟಿ ನೀರು ಬೇರೆಯಾಗುತ್ತದೆ. ಮೊಟ್ಟೆಯನ್ನು ಒಡೆಯದೆ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಲ್ಲಿಡಿ. ಬೆರಳೊತ್ತಿದರೆ ಗುಳಿ ಬೀಳುವಷ್ಟು ಬೆಣ್ಣೆ ಮೆತ್ತಗಾಗಲಿ, ಕರಗಬಾರದು. ಒಡೆದೇಬಿಟ್ಟರೆ ಒಂದು ಚಮಚ ಮೈದಾ ಸೇರಿಸಿ ಕಲಸಿ, ಕೂಡಿಕೊಳ್ಳುತ್ತದೆ.

ಎತ್ತರದ ಮಾತನ್ನು ಮಕ್ಕಳು ಕಣ್ಣಾರೆ ನೋಡಬಹುದು. 110 ಡಿಗ್ರಿವರೆಗಿನ ಪ್ರಯೋಗಶಾಲೆಯ ಥರ್ಮಾಮೀಟರನ್ನು ಕುದಿಯುವ ನೀರಲ್ಲಿ, ತಳಕ್ಕೆ ತಾಗದಂತೆ ಹಿಡಿಯಿರಿ. ಮಡಿಕೇರಿಯಲ್ಲಿ ಅದು 96ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಮಾತ್ರ ಹಾಕಬೇಡಿ, ಒಡೆಯುತ್ತದೆ.

ಪ್ರಶ್ನೆ: ಓವನ್ ಇಲ್ಲ. ಕುಕ್ಕರಿನಲ್ಲಿ ಮಾಡಿದ ಪ್ಲಮ್ ಕೇಕಿನ ತಳ ಸೀದು ಮೇಲೆ ಹಸಿಯಾಗಿ ಉಳಿಯಿತು, ದ್ರಾಕ್ಷಿಯೆಲ್ಲ ಕೆಳಗೆ ಕೂತಿತ್ತು. ಮಕ್ಕಳಿಗಾದ್ದರಿಂದ ರಮ್ ಬೇಡ. — ಸಿದ್ದಾಪುರ

7 ಇಂಚಿನ ಟಿನ್ನಿಗೆ ಈ ಅಳತೆ ಹಿಡಿಯಿರಿ. ಮೈದಾ 150 ಗ್ರಾಂ, ಬೆಣ್ಣೆ 125, ಪುಡಿಸಕ್ಕರೆ 125, ಮೊಟ್ಟೆ 3, ಬೇಕಿಂಗ್ ಪೌಡರ್ ಮುಕ್ಕಾಲು ಚಮಚ, ಏಲಕ್ಕಿ-ಲವಂಗ-ಚಕ್ಕೆ ಪುಡಿ ಸೇರಿ 1 ಚಮಚ. ಒಣದ್ರಾಕ್ಷಿ, ಖರ್ಜೂರ, ಟೂಟಿಫ್ರೂಟಿ ಒಟ್ಟು 250 ಗ್ರಾಂ, ಗೋಡಂಬಿ 50.

ಹಣ್ಣನ್ನು ಕೊಡಗಿನ ಕಿತ್ತಳೆಯ 100 ಮಿಲಿ ರಸದಲ್ಲಿ ನೆನೆಸಿ. ರಸವನ್ನು ಮೊದಲು ಬಿಸಿಮಾಡಿ ಸುರಿದರೆ ಬೇಗ ಹೀರುತ್ತದೆ. ಫ್ರಿಜ್ಜಿನಲ್ಲಿ ಎರಡು ದಿನ ಸಾಕು, ಹೊರಗೆ ಬಿಟ್ಟರೆ ಹುಳಿಯುತ್ತದೆ. ಹಿಟ್ಟಿಗೆ ಹಾಕುವ ಮೊದಲು ಸೋಸಿ, ಬಟ್ಟೆಯಲ್ಲಿ ಒತ್ತಿ, ಅಳೆದಿಟ್ಟ ಮೈದಾದಿಂದಲೇ ಎರಡು ದೊಡ್ಡ ಚಮಚ ತೆಗೆದು ಹೊರಳಿಸಿ. ನಿಮ್ಮ ದ್ರಾಕ್ಷಿ ತಳ ಸೇರಿದ್ದು ಒದ್ದೆಯಿದ್ದದ್ದರಿಂದ, ಅಥವಾ ಹಿಟ್ಟು ದೋಸೆಹಿಟ್ಟಿನಷ್ಟು ತೆಳ್ಳಗಿದ್ದದ್ದರಿಂದ. ಚಮಚದಿಂದ ಎತ್ತಿ ಬಿಟ್ಟರೆ ಹರಿಯಬಾರದು, ಮುದ್ದೆಯಾಗಿ ಬೀಳಬೇಕು.

ಬಣ್ಣಕ್ಕೆ 75 ಗ್ರಾಂ ಸಕ್ಕರೆಯನ್ನು ದಪ್ಪತಳದ ಪಾತ್ರೆಯಲ್ಲಿ ನೀರು ಹಾಕದೆ ಕರಗಿಸಿ. ಜೇನಿನ ಬಣ್ಣ ದಾಟಿ ಕಾಫಿ ಡಿಕಾಕ್ಷನ್ನಿನ ಕೆಂಪಿಗೆ ಬಂದಾಗ ಒಲೆ ಆರಿಸಿ 60 ಮಿಲಿ ಬಿಸಿನೀರು ಸ್ವಲ್ಪಸ್ವಲ್ಪವಾಗಿ ಹಾಕಿ. ತಣ್ಣೀರು ಹಾಕಿದರೆ ಸಿಡಿಯುತ್ತದೆ, ಕಲ್ಲಾಗುತ್ತದೆ. ಮಕ್ಕಳು ಆಗ ಅಡುಗೆಮನೆಯಲ್ಲಿರುವುದೇ ಬೇಡ. ಪಾಕ ಪೂರ್ತಿ ಆರಿದ ಮೇಲೆಯೇ ಹಿಟ್ಟಿಗೆ ಸೇರಲಿ.

ಕುಕ್ಕರಿಗೆ ಬರೋಣ. ತಳದಲ್ಲಿ ಒಂದೂವರೆ ಲೋಟ ಪುಡಿ ಉಪ್ಪು, ಅದರ ಮೇಲೆ ಸ್ಟ್ಯಾಂಡ್. ಟಿನ್ ಉಪ್ಪಿಗೆ ತಾಗಿದ್ದೇ ನಿಮ್ಮ ತಳ ಸೀಯಲು ಕಾರಣವಿರಬೇಕು. ರಬ್ಬರ್ ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆಯಿರಿ, ನೀರು ಹಾಕಬೇಡಿ. ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಟಿನ್ ಇಟ್ಟು ಉರಿಯನ್ನು ಪೂರ್ತಿ ಸಣ್ಣ ಮಾಡಿ. ಟಿನ್ನಿಗೂ ಕುಕ್ಕರಿನ ಗೋಡೆಗೂ ನಡುವೆ ಒಂದು ಬೆರಳು ಜಾಗ ಬೇಕು, ಇಲ್ಲದಿದ್ದರೆ ಬಿಸಿಗಾಳಿ ಮೇಲೇರದೆ ಮೇಲ್ಭಾಗ ಹಸಿಯಾಗುತ್ತದೆ. ಹಿಟ್ಟು ಅರ್ಧ ಟಿನ್ನಿಗಿಂತ ಹೆಚ್ಚಾದರೆ ಎರಡು ಸಲ ಮಾಡಿ. 50 ನಿಮಿಷದ ಮೇಲೆ ಕಡ್ಡಿ ಚುಚ್ಚಿ ನೋಡಿ. ಮೇಲೆ ಕಂದು ಬಣ್ಣ ಬರದು, ಅದಕ್ಕೇ ಪಾಕ. ಓವನ್ ಇರುವವರು ಇದೇ ಹಿಟ್ಟನ್ನು 160 ಡಿಗ್ರಿಯಲ್ಲಿ ಒಂದು ಗಂಟೆಯಿಂದ 70 ನಿಮಿಷ ಬೇಯಿಸಲಿ. ಕರೆಂಟ್ ಹೋದರೆ ಬಾಗಿಲು ಮುಟ್ಟಬೇಡಿ.

ಪ್ರಶ್ನೆ: ಕಡಂಬುಟ್ಟು ಅಕ್ಕಿಯದ್ದಾದರೂ ಉಂಡೆಯಾಗಿ ನಿಲ್ಲುತ್ತದೆ. ಹಾಗಾದರೆ ಮೈದಾ ಬಿಟ್ಟು ಅಕ್ಕಿಹಿಟ್ಟಿನಲ್ಲೇ ಕೇಕು ಆಗುವುದಿಲ್ಲವೇ? — ಕುಶಾಲನಗರ

ನಿಲ್ಲುವ ಬಗೆ ಬೇರೆ. ಮೈದಾ 100 ಗ್ರಾಂ ಕಲಸಿ ಅರ್ಧ ಗಂಟೆ ಬಿಟ್ಟು, ನೀರಿನ ಬಟ್ಟಲಲ್ಲಿ ಹಿಸುಕುತ್ತ ತೊಳೆಸಿ. ಬಿಳಿನೀರೆಲ್ಲ ಹೋದ ಮೇಲೆ ಕೈಯಲ್ಲಿ ರಬ್ಬರಿನಂತೆ ಎಳೆಯುವ ಒಂದು ಮುದ್ದೆ ಉಳಿಯುತ್ತದೆ, ಅದೇ ಗ್ಲುಟನ್. ಅಕ್ಕಿಹಿಟ್ಟನ್ನು ಹೀಗೇ ತೊಳೆದರೆ ಎಲ್ಲ ಕರಗಿ ಕೈ ಖಾಲಿ. ಕಡಂಬುಟ್ಟನ್ನು ಹಿಡಿದಿಡುವುದು ತರಿಯನ್ನು ನೀರಲ್ಲಿ ಬೇಯಿಸಿದಾಗ ಅಂಟಾಗುವ ಪಿಷ್ಟ. ಅದಕ್ಕೇ ಬಿಸಿಯಿರುವಾಗಲೇ ಉಂಡೆ ಕಟ್ಟುತ್ತಾರೆ. ಅಕ್ಕಿಹಿಟ್ಟಿನ ಕೇಕು ಆಗುತ್ತದೆ, ಆದರೆ ಗುಳ್ಳೆ ಹಿಡಿಯಲು ಮೊಟ್ಟೆ ಒಂದು ಜಾಸ್ತಿ ಬೇಕು, ಮರುದಿನಕ್ಕೆ ಪುಡಿಯಾಗುತ್ತದೆ. ಮೈದಾದಲ್ಲಿ ಮೂರನೇ ಒಂದು ಪಾಲು ಮಾತ್ರ ಬದಲಿಸಿದರೆ ಒಳ್ಳೆಯದು.

ಪ್ರಶ್ನೆ: ಮಗನಿಗೆ 13. ಹೀಗೇ ಓದಿದರೆ ಹತ್ತನೇ ತರಗತಿ ಪರೀಕ್ಷೆ ಹೇಗೆ? — ಪೊನ್ನಂಪೇಟೆ

ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಬರೆಯಬಹುದು. 14 ವರ್ಷ ತುಂಬಿರಬೇಕು. ಐದು ವಿಷಯ, ಅದರಲ್ಲಿ ಕನಿಷ್ಠ ಒಂದು ಭಾಷೆ. ಕನ್ನಡವನ್ನು ಭಾಷೆಯಾಗಿ ಆರಿಸಿಕೊಳ್ಳಬಹುದು. ಪರೀಕ್ಷೆ ವರ್ಷಕ್ಕೆರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ವಿಜ್ಞಾನಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಆದ್ದರಿಂದ ಕಾಫಿ ತೂಕದ ಗ್ರಾಫು, ದಾಸವಾಳದ ಬಣ್ಣದ ಪಟ್ಟಿ, ಕುದಿಯುವ ನೀರಿನ ಡಿಗ್ರಿ ಎಲ್ಲವನ್ನೂ ತಾರೀಖು ಹಾಕಿ, ಮೊದಲು ಊಹೆ, ಆಮೇಲೆ ಕಂಡದ್ದು, ಕೊನೆಗೆ ಕಾರಣ ಎಂಬ ಕ್ರಮದಲ್ಲಿ ಈಗಿನಿಂದಲೇ ಬರೆಸಿ. ಕುಸಿದ ಕೇಕಿನ ಪುಟವನ್ನು ಹರಿದು ಹಾಕಿಸಬೇಡಿ.