ಕೋಲಾರದಲ್ಲಿ ದತ್ತು ತಗೊಳ್ಳುವಾಗ ನಮ್ಮ ಜಾತಿಯ, ಬೆಳ್ಳಗಿರುವ ಮಗುವೇ ಬೇಕು ಅಂತ ಕೇಳಬಹುದಾ?

ಆಗಲ್ಲ. ಅರ್ಜಿ ಹೋಗುವುದು ದತ್ತು ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ‘ಕಾರಾ’ದ ಪೋರ್ಟಲ್‌ಗೆ. ಅಲ್ಲಿ ಗಂಡೋ ಹೆಣ್ಣೋ, ವಯಸ್ಸು, ರಾಜ್ಯ, ಆರೋಗ್ಯ, ಇಷ್ಟನ್ನು ಆರಿಸಬಹುದು. ಜಾತಿ, ಬಣ್ಣ ಆರಿಸಲು ಬರಲ್ಲ. 2015ರ ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್ ಜಾತಿ, ಜನಾಂಗ, ಹುಟ್ಟಿದ ಜಾಗ ನೋಡಿ ಮಗುವಿಗೆ ಭೇದ ಮಾಡಬಾರದು ಎನ್ನುತ್ತದೆ. ತಾತ್ಕಾಲಿಕವಾಗಿ ಸಾಕಲು ಕೊಡುವಾಗಲೂ ಅಷ್ಟೇ, ಮನೆಯವರಿಗೆ ಸಾಕುವ ಶಕ್ತಿ, ಮನಸ್ಸು ಇದೆಯಾ ಅಂತ ನೋಡಬೇಕು.

ಭೇದ ನುಸುಳುವುದು ಮಗುವಿನ ಫೋಟೊ ಬಂದಾಗ. ಆ ಮಗುವನ್ನು ಕಾಯ್ದಿರಿಸಲು 48 ಗಂಟೆ ಇರುತ್ತದೆ. ಅಷ್ಟರಲ್ಲಿ ಅತ್ತೆಯೋ ಚಿಕ್ಕಪ್ಪನೋ ‘ಮಗು ಕಪ್ಪಲ್ವಾ?’ ಅಂತಾರೆ, ದತ್ತು ತಗೊಳ್ಳುವವರು ಸುಮ್ನೆ ಬೇರೇನೋ ನೆಪ ಹೇಳಿ ಬೇಡ ಅಂತಾರೆ. ಇದನ್ನು ಕಾನೂನು ಹಿಡಿಯುವುದು ಕಷ್ಟ. ಹಾಗಾಗಿ ಸಮಾಜ ಕಾರ್ಯಕರ್ತರು ಮನೆ ನೋಡಲು ಬರುವ ಮೊದಲೇ ಹಿರಿಯರ ಜೊತೆ ಈ ಮಾತು ಮುಗಿಸಿಕೊಳ್ಳಿ. ದತ್ತು ಕೊಡುವ ಸಂಸ್ಥೆಯವರೇ ಜಾತಿ ಕೆದಕಿದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದು ಕೊಡಿ.