ತಂಬೂರಿಗೆ ಜೀವ ಇಡುವುದು

ಪ್ರಶ್ನೆ: ನಮ್ಮ ತಾತ ಕೈವಾರ ತಾತಯ್ಯನವರ ತತ್ವಪದ ಹಾಡುವಾಗ ಮೀಟುತ್ತಿದ್ದ ತಂಬೂರಿ ಮನೆಯಲ್ಲಿದೆ. ಹೊಸ ತಂತಿ ಹಾಕಿಸಿದರೂ ಆ ಹಳೆಯ ನಾದ ಬರುತ್ತಿಲ್ಲ. ಟರ್ಕಿಯವರು ಇಂಥದ್ದೇ ಉದ್ದ ದಂಡಿಯ ವಾದ್ಯದಲ್ಲಿ ಹಾಡನ್ನೇ ನುಡಿಸುವುದನ್ನು ಯೂಟ್ಯೂಬ್‌ನಲ್ಲಿ ನೋಡಿದೆ. ನಮ್ಮದರಲ್ಲಿ ಯಾಕೆ ಆಗುವುದಿಲ್ಲ ಮೇಡಂ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ನೀವು ನೋಡಿದ್ದು ಬಾಗ್ಲಾಮ ಇರಬೇಕು. ಸಾಜ್ ಅಂತಲೂ ಕರೆಯುತ್ತಾರೆ. ಅದರ ದಂಡಿಗೆ ಸುತ್ತಿ ಕಟ್ಟಿದ ಮೆಟ್ಟುಗಳಿರುತ್ತವೆ. ಎಲ್ಲಿ ಬೆರಳು ಒತ್ತುತ್ತೀರೋ ಅಲ್ಲೊಂದು ಸ್ವರ. ಅಲ್ಲಿನ ಆಶಿಕ್ ಗಾಯಕರು ತಾವೇ ಪದ ಕಟ್ಟಿ, ಸಾಜ್ ನುಡಿಸುತ್ತಾ ಹಾಡುತ್ತಾರೆ. ಆಶಿಕ್ ವೇಸೆಲ್ (1894–1973) ಅವರಲ್ಲಿ ದೊಡ್ಡ ಹೆಸರು. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವರು. ಅವರ ದನಿ ಕೇಳಿ, ಭಾಷೆ ತಿಳಿಯದಿದ್ದರೂ ನಿಮ್ಮ ತಾತ ನೆನಪಾಗುತ್ತಾರೆ.

ನಮ್ಮ ತಂಬೂರಿಗೆ ಮೆಟ್ಟೇ ಇಲ್ಲ. ಹಾಡುವುದು ಗಂಟಲಿನ ಕೆಲಸ, ಶ್ರುತಿ ಹಿಡಿಯುವುದು ತಂಬೂರಿಯ ಕೆಲಸ. ಪಂಚಮ (ಪ), ಎರಡು ಸಾರಣಿ (ಮಧ್ಯ ಸ್ಥಾಯಿಯ ಸ), ಮಂದ್ರ ಷಡ್ಜ (ಕೆಳಗಿನ ಸ), ಈ ನಾಲ್ಕು ತಂತಿಯನ್ನು ಬಿಡದೆ ಮೀಟಬೇಕು. ಇದು ಸಣ್ಣ ಕೆಲಸವಲ್ಲ. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳಿಗೆ ಸರಳೆಗಿಂತ (ಮೊದಲ ಸ್ವರಪಾಠ) ಮೊದಲು ತಂಬೂರಿ ಮೀಟಿಸುತ್ತೇನೆ.

ರೇಷ್ಮೆಯ ಊರಾದ ಶಿಡ್ಲಘಟ್ಟದವರಿಗೆ ಇನ್ನೊಂದು ಹೇಳಲೇಬೇಕು. ಉಜ್ಬೆಕಿಸ್ತಾನದ ದುತಾರ್ ಎಂಬ ವಾದ್ಯಕ್ಕೆ ಎರಡೇ ತಂತಿ, ಅದೂ ಮೊದಲಿನಿಂದ ರೇಷ್ಮೆಯದು. ಬುರುಡೆ ಹಿಪ್ಪುನೇರಳೆ ಮರದ್ದು! ನಾವು ಹಿಪ್ಪುನೇರಳೆಯನ್ನು ಸೊಪ್ಪಿಗಾಗಿ ಕತ್ತರಿಸುತ್ತಲೇ ಇರುತ್ತೇವೆ, ಮರವಾಗಲು ಬಿಡುವುದು ಕಡಿಮೆ. ಅಲ್ಲಿ ಅದೇ ಮರ ಹಾಡುತ್ತದೆ ಅಂದರೆ ನನಗೆ ಎಷ್ಟು ಸಂತೋಷ ಗೊತ್ತಾ?

ಈಗ ನಿಮ್ಮ ತಂಬೂರಿ. ಹೊಸ ತಂತಿ ಹಾಕಿದವರು ಜೀವ ಇಟ್ಟಿಲ್ಲ ಅನ್ನಿಸುತ್ತದೆ. ಬುರುಡೆಯ ಮೇಲೆ ತಂತಿಗಳು ಕೂರುವ ಸಣ್ಣ ಆಸರೆಗೆ ಕುದುರೆ ಅನ್ನುತ್ತೇವೆ. ಅದಕ್ಕೂ ತಂತಿಗೂ ನಡುವೆ ಇಡುವ ನೂಲಿನ ಎಳೆಯೇ ಜೀವ. ಹತ್ತಿಯದಾದರೂ ಸರಿ, ರೇಷ್ಮೆಯದಾದರೂ ಸರಿ. ಮೊದಲು ಶ್ರುತಿ ಮಾಡಿಕೊಳ್ಳಿ. ಆಮೇಲೆ ಒಂದೊಂದೇ ತಂತಿ ಮೀಟುತ್ತಾ ಎಳೆಯನ್ನು ಕೂದಲೆಳೆಯಷ್ಟು ಸರಿಸಿ. ಒಂದು ಜಾಗದಲ್ಲಿ ಜುಂಯ್ ಅಂತ ನಾದ ಬಿಚ್ಚಿಕೊಳ್ಳುತ್ತದೆ, ಅಲ್ಲೇ ನಿಲ್ಲಿಸಿ. ಕುದುರೆಯ ಮೇಲ್ಭಾಗ ಕೊಂಚ ಬಾಗಿರುವುದರಿಂದ ತಂತಿ ಅದನ್ನು ಸವರುತ್ತಾ ಅದುರುತ್ತದೆ. ಆ ಝೇಂಕಾರ ಬರುವುದು ಅದರಿಂದಲೇ. ಜಪಾನಿನ ಶಾಮಿಸೆನ್ ಎಂಬ ತಂತಿವಾದ್ಯದಲ್ಲೂ ದಪ್ಪ ತಂತಿಗೆ ಬೇಕೆಂದೇ ಇಂಥ ಝೇಂಕಾರ ಬರಿಸುತ್ತಾರೆ.

ಜೀವ ಇಟ್ಟರೂ ನಾದ ಬರದಿದ್ದರೆ ಕುದುರೆ ನೋಡಿ. ತಂತಿ ಕೂರುವ ಕಡೆ ಗೀರು ಬಿದ್ದಿದ್ದರೆ ವಾದ್ಯ ರಿಪೇರಿ ಮಾಡುವವರಿಗೇ ಕೊಡಿ. ನೀವೇ ಉಪ್ಪುಕಾಗದ ಹಿಡಿದು ಉಜ್ಜಬೇಡಿ. ಆ ಬಾಗು ಕೆಟ್ಟರೆ ಕುದುರೆಯನ್ನೇ ಬದಲಾಯಿಸಬೇಕಾಗುತ್ತದೆ.