ಉತ್ತರ ಹೇಳದ ಪುಸ್ತಕಗಳು

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಕಾಲೇಜು ಮುಗಿದ ಮೇಲೆ ಕನ್ನಡ ಪುಸ್ತಕ ಕೈಗೆತ್ತಿಕೊಂಡದ್ದು ಅಪರೂಪ. ನಿವೃತ್ತ ಶಿಕ್ಷಕರಾದ ನನ್ನ ತಂದೆಯವರಿಗೆ ಈಗ ಕಣ್ಣು ಮಂಜಾಗಿರುವುದರಿಂದ ದಿನವೂ ರಾತ್ರಿ ಅರ್ಧ ಗಂಟೆ ಅವರಿಗೆ ಓದಿ ಹೇಳುತ್ತೇನೆ. ಇದುವರೆಗೆ ದಿನಪತ್ರಿಕೆಯನ್ನಷ್ಟೇ ಓದಿದ್ದೇವೆ. ವಿಚಾರಕ್ಕೆ ಹಚ್ಚುವ ಪುಸ್ತಕ ಏನಾದರೂ ತಾ ಎಂದು ಅವರು ಕೇಳುತ್ತಿದ್ದಾರೆ. ಎಲ್ಲರೂ ಓದಲೇಬೇಕಾದ ಕೆಲವು ಪುಸ್ತಕಗಳನ್ನು ತಿಳಿಸುವಿರಾ? ಕಾದಂಬರಿಯಿಂದ ವಿಚಾರ ಬೆಳೆಯುವುದಿಲ್ಲ, ಅದಕ್ಕೆ ಪ್ರಬಂಧಗಳನ್ನೇ ಓದಬೇಕು ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇದು ಸರಿಯೇ?
(ಹೆಸರು ಬೇಡವೆಂದ ಓದುಗರು, ಹುಬ್ಬಳ್ಳಿ)

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ಉತ್ತರವೂ ಅದರಲ್ಲೇ ಇದೆ. ನಿಮ್ಮ ಸಹೋದ್ಯೋಗಿಯ ಮಾತನ್ನು ನಾನು ಒಪ್ಪಲಾರೆ. ಪ್ರಬಂಧಕಾರ ತಾನು ಮುಟ್ಟಿದ ತೀರ್ಮಾನವನ್ನು ನಮ್ಮ ಮುಂದಿಡುತ್ತಾನೆ. ನಾವು ಒಪ್ಪುತ್ತೇವೆ ಅಥವಾ ಬಿಡುತ್ತೇವೆ. ಒಳ್ಳೆಯ ಕಾದಂಬರಿಯಾದರೋ ತೀರ್ಮಾನಕ್ಕೆ ಬರಲಾಗದೆ ಒದ್ದಾಡುವ ಮನುಷ್ಯರ ನಡುವೆ ನಮ್ಮನ್ನು ಕೂರಿಸಿ, ಈಗ ನೀವೇನು ಮಾಡುತ್ತಿದ್ದಿರಿ ಎಂದು ಕೇಳುತ್ತದೆ. ನಾನು ಹೆಸರಿಸುವ ಪುಸ್ತಕಗಳೆಲ್ಲ ಹೀಗೆ ಕೇಳುವಂಥವು, ಕೇಳಿ ಸುಮ್ಮನಾಗುವಂಥವು.

1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನೇ ನೋಡಿ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಗಳನ್ನೆಲ್ಲ ಧಿಕ್ಕರಿಸಿ, ಕೆಳಜಾತಿಯ ಹೆಣ್ಣು ಚಂದ್ರಿಯೊಡನೆ ಬಾಳಿದ ಬ್ರಾಹ್ಮಣ ನಾರಣಪ್ಪ ಸತ್ತಿದ್ದಾನೆ. ಅವನ ಸಂಸ್ಕಾರ ಮಾಡುವವರು ಯಾರು? ಹೆಣ ಬೇಯುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಅಗ್ರಹಾರದ ಹಿರಿಯ ವಿದ್ವಾಂಸರಾದ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಹುಡುಕುತ್ತಾರೆ, ಉತ್ತರವಿಲ್ಲ. ಮಾರುತಿಯ ಗುಡಿಯಲ್ಲಿ ಕಾದು ಕೂರುತ್ತಾರೆ, ದೇವರ ಅಪ್ಪಣೆ ತಿಳಿಸುವ ಪ್ರಸಾದವಾಗುವುದಿಲ್ಲ. ಇಷ್ಟರ ನಡುವೆ ಚಂದ್ರಿಯು ಒಬ್ಬ ಮುಸ್ಲಿಮನ ನೆರವಿನಿಂದ ರಾತ್ರೋರಾತ್ರಿ ಹೆಣವನ್ನು ಸುಡಿಸಿ ಊರು ಬಿಡುತ್ತಾಳೆ. ಇದು ಓದುಗರಿಗೆ ಗೊತ್ತು, ಅಗ್ರಹಾರಕ್ಕೆ ಗೊತ್ತಿಲ್ಲ. ಅಲ್ಲಿಂದಾಚೆಗೆ ಪ್ರಶ್ನೆ ಹೆಣದ್ದಾಗಿ ಉಳಿಯುವುದಿಲ್ಲ, ಕಾಡಿನಲ್ಲಿ ಚಂದ್ರಿಯನ್ನು ಕೂಡಿದ ಆಚಾರ್ಯರದ್ದಾಗುತ್ತದೆ. ತಮ್ಮಿಂದಾದದ್ದನ್ನು ಅವರು ಅಗ್ರಹಾರದವರ ಮುಂದೆ ಹೇಳುತ್ತಾರೆಯೇ? ಅವರು ಗಾಡಿಯಲ್ಲಿ ಹಿಂದಿರುಗುತ್ತಿರುವಾಗಲೇ ಕಾದಂಬರಿ ನಿಂತುಬಿಡುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಸಲ ಓದಿದಾಗ ಅವರು ಹೇಳಿಯೇ ಹೇಳುತ್ತಾರೆಂದು ನಾನು ನಂಬಿದ್ದೆ. ಐವತ್ತು ದಾಟಿದ ಮೇಲೆ ಮತ್ತೆ ಓದಿದಾಗ ಆ ನಂಬಿಕೆ ಉಳಿದಿರಲಿಲ್ಲ. ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲವಾದ್ದರಿಂದ, ನಡುವಿನ ಮೂವತ್ತು ವರ್ಷಗಳಲ್ಲಿ ನಾನು ಹೇಳದೆ ಉಳಿಸಿಕೊಂಡ ಸಂಗತಿಗಳ ಲೆಕ್ಕ ಹಾಕುತ್ತ ಕೂರಬೇಕಾಯಿತು.

ಎರಡು ಪುಸ್ತಕಗಳನ್ನು ನೀವು ಒಂದರ ಬೆನ್ನಿಗೆ ಇನ್ನೊಂದನ್ನು ಓದಬೇಕೆಂದು ನನ್ನ ಆಸೆ: ಶಿವರಾಮ ಕಾರಂತರ 'ಚೋಮನ ದುಡಿ', ದೇವನೂರ ಮಹಾದೇವರ 'ಒಡಲಾಳ'. ಮೊದಲನೆಯದು 1933ರದು. ತುಂಡು ಭೂಮಿಯನ್ನು ತಾನೇ ಉತ್ತು ಬಿತ್ತಬೇಕೆಂಬುದು ಅಸ್ಪೃಶ್ಯನೆನಿಸಿದ ಜೀತದಾಳು ಚೋಮನ ಬಾಳಿನ ಒಂದೇ ಹಂಬಲ. ಎರಡು ಎತ್ತುಗಳೂ ಅವನಲ್ಲಿವೆ. ಒಡೆಯ ಸಂಕಪ್ಪಯ್ಯ ಕ್ರೂರಿಯೇನಲ್ಲ, ಭೂಮಿ ಕೊಡಲು ಅವನ ಮನಸ್ಸು ವಾಲುತ್ತದೆ. ತಾಯಿ ತಡೆದಾಗ ಸುಮ್ಮನಾಗುತ್ತಾನೆ. ನಾನು ಪ್ರತಿಸಲವೂ ನಿಲ್ಲುವುದು ಈ ಸಂಕಪ್ಪಯ್ಯನ ಬಳಿ. ಚೋಮನಿಗಾಗಿ ಕಣ್ಣೀರು ಹಾಕುವುದು ಕಷ್ಟವಲ್ಲ, ಆದರೆ ಒಳ್ಳೆಯ ಮನಸ್ಸಿದ್ದೂ ಹಿರಿಯರ ಮಾತು ಮೀರಲಾಗದೆ ಅನ್ಯಾಯವನ್ನು ಹಾಗೆಯೇ ನಡೆಯಗೊಟ್ಟ ಆ ಮನುಷ್ಯನಲ್ಲಿ ನಮ್ಮನ್ನು ಗುರುತಿಸಿಕೊಳ್ಳುವುದು ಕಷ್ಟ. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಮೈಲಿಗೆಗೆ ಅಂಜಿ ಕೈಚಾಚದ ಪುಟಗಳನ್ನು ತಂದೆಯವರಿಗೆ ಓದಿ ಹೇಳುವಾಗ ನಿಮ್ಮ ದನಿ ತಡವರಿಸಿದರೆ ತಡವರಿಸಲಿ.

'ಚೋಮನ ದುಡಿ'ಯನ್ನು ಬರೆದವರು ಕೇರಿಯ ಹೊರಗೆ ನಿಂತು ಒಳಗನ್ನು ಕಂಡವರು. 'ಒಡಲಾಳ' ಒಳಗಿನವರೇ ಬರೆದದ್ದು, ಆದ್ದರಿಂದ ಅಲ್ಲಿ ಯಾರೂ ನಮ್ಮ ಮರುಕವನ್ನು ಬೇಡುವುದಿಲ್ಲ. ಮುದುಕಿ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ಮನೆಗೆ ಬಂದ ಕದ್ದ ಕಡಲೆಕಾಯಿಯನ್ನು, ಎಂದರೆ ನಿಮ್ಮ ಕಡೆಯ ಶೇಂಗಾವನ್ನು, ಮನೆಮಂದಿಯೆಲ್ಲ ಸುತ್ತ ಕುಳಿತು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುತ್ತಾರೆ. ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಪೊಲೀಸರು ಬರುತ್ತಾರೆ. ಕಥೆ ಇಷ್ಟೇ, ಆದರೆ ಕಳ್ಳತನ ಎಂಬ ಪದ ನಮ್ಮ ಬಾಯಿಗೆ ಬರುವ ಹೊತ್ತಿಗೆ ಆ ರಾತ್ರಿಯ ಹಸಿವನ್ನೂ ಸಂಭ್ರಮವನ್ನೂ ನಾವು ಕಂಡಾಗಿರುತ್ತದೆ, ಮತ್ತು ಆ ಪದ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಡತನದ ಕಥೆಯಲ್ಲಿ ನಗು ಇಷ್ಟು ಸಹಜವಾಗಿ ಬರುವುದನ್ನು ನಾನು ಬೇರೆಡೆ ಕಂಡಿಲ್ಲ. ಈ ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಬೇಡಿ. ಒಂದನ್ನು ಓದಿದ ಕಣ್ಣಿಂದ ಇನ್ನೊಂದನ್ನು ನೋಡಿದಾಗ ಎರಡೂ ಬೇರೆಯಾಗಿ ಕಾಣುತ್ತವೆ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬಂದ ಸಣ್ಣ ಪುಸ್ತಕ. ಆಟವಾಡುವ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮಡಿ ಹೆಂಗಸಾಗಿ ದೀರ್ಘಕಾಲ ಬಾಳಿದ ನಿಜವಾದ ಹೆಣ್ಣೊಬ್ಬಳ ಕಥೆಯನ್ನು ಲೇಖಕಿ ತಮ್ಮ ಮನೆಯವರಿಂದಲೇ ಕೇಳಿ ಬರೆದರು. ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸಿದ ಫಣಿಯಮ್ಮನೇ, ತಲೆಗೂದಲು ತೆಗೆಸಿಕೊಳ್ಳಲು ಒಪ್ಪದ ತರುಣಿ ದಾಕ್ಷಾಯಿಣಿಯ ಪರವಾಗಿ ಯೋಚಿಸಬಲ್ಲಳು. ತಾನು ಪಟ್ಟ ಪಾಡನ್ನು ಮುಂದಿನವರೂ ಪಡಬೇಕೆಂದು ಬಯಸದಿರುವುದು ಸಣ್ಣ ಗುಣವಲ್ಲ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಇಷ್ಟು ಭಾರದ ಪುಸ್ತಕಗಳ ನಡುವೆ ಮನಸ್ಸನ್ನು ಬಿಚ್ಚಿಸುತ್ತದೆ. ವಿಜ್ಞಾನಿ ಕರ್ವಾಲೊ ಅವರು, ಊರವರ ಕಣ್ಣಿಗೆ ಉಂಡಾಡಿಯಾದ ಮಂದಣ್ಣನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಶಿಕ್ಷಕರಾಗಿದ್ದ ನಿಮ್ಮ ತಂದೆಯವರಿಗೆ ತಮ್ಮ ತರಗತಿಯ ಕೊನೆಯ ಬೆಂಚಿನ ಹುಡುಗರು ನೆನಪಾಗಬಹುದು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕನ್ನಡದ ಅತಿ ದೊಡ್ಡ ಕಾದಂಬರಿಯೆಂದೇ ನನ್ನ ಎಣಿಕೆ, ಆದರೂ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಒಬ್ಬ ನಾಯಕನಿಲ್ಲ. ಜೀತದಾಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ಹೆಗ್ಗಡೆಯವರ ಮನೆಯವರಷ್ಟೇ ಜಾಗವಿದೆ. ದಾರಿ ತಪ್ಪಿತೆಂದು ಅನಿಸಿದಾಗಲೂ ಓದುವುದನ್ನು ಬಿಡಬೇಡಿ, ಮೊದಲ ನೂರು ಪುಟಗಳಲ್ಲಿ ಎಲ್ಲರಿಗೂ ಹಾಗೆ ಅನಿಸುತ್ತದೆ. ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'ವನ್ನು ನಾನು ಬೇಕೆಂದೇ ಪಟ್ಟಿಗೆ ಸೇರಿಸಿಲ್ಲ. ಅದರ 945 ಪದ್ಯಗಳಲ್ಲಿ ಹಲವು ನಿಮ್ಮ ತಂದೆಯವರಿಗೆ ಬಾಯಿಪಾಠವಾಗಿದ್ದರೂ ಇರಬಹುದು, ಅವರಿಂದ ನೀವೇ ಹೇಳಿಸಿಕೊಳ್ಳಿ.

'ಎಲ್ಲರೂ ಓದಲೇಬೇಕಾದ' ಎಂಬ ನಿಮ್ಮ ಮಾತಿಗೆ ನಾನು ಪೂರ್ತಿ ಒಪ್ಪಿಗೆ ಕೊಡಲಾರೆ, ಏಕೆಂದರೆ ಕಡ್ಡಾಯಕ್ಕೆ ಓದಿದ ಪುಸ್ತಕ ಪರೀಕ್ಷೆಯ ಮರುದಿನವೇ ಮರೆತುಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಒಂದು ಪುಸ್ತಕ ಹಿಡಿಸದಿದ್ದರೆ ಅದನ್ನು ಜಿಲ್ಲಾ ಗ್ರಂಥಾಲಯಕ್ಕೆ ಮರಳಿಸಿ ಇನ್ನೊಂದನ್ನು ತನ್ನಿ.

ಆರಂಭಕ್ಕೆ 'ಚೋಮನ ದುಡಿ' ಸಾಕು. ದಿನಕ್ಕೆ ಅರ್ಧ ಗಂಟೆಯಂತೆ ಓದಿದರೂ ಬೇಗ ಮುಗಿಯುತ್ತದೆ. ಅನಂತರ 'ಒಡಲಾಳ'ಕ್ಕೆ ಬಂದಾಗ ಮೈಸೂರು ಸೀಮೆಯ ಆ ಮಾತು ಹುಬ್ಬಳ್ಳಿಯ ನಿಮ್ಮ ಕಣ್ಣಿಗೆ ಮೊದಲು ತೊಡಕೆನಿಸಬಹುದು. ಕಣ್ಣಿನಲ್ಲಿ ಓದುವವರಿಗೆ ಕಠಿಣವಾದ ಆ ಸಾಲುಗಳು ಗಟ್ಟಿಯಾಗಿ ಓದಿದರೆ ತಾವಾಗಿ ಬಿಡಿಸಿಕೊಳ್ಳುತ್ತವೆ, ಹಾಗಾಗಿ ನಿಮ್ಮ ತಂದೆಯವರಿಗೆ ಅದು ನಿಮಗಿಂತ ಮೊದಲು ಅರ್ಥವಾದೀತು. ಅರ್ಥವಾಗದ ಸಾಲು ಬಂದಲ್ಲಿ ನಿಲ್ಲಿಸಿ ಅವರನ್ನೇ ಕೇಳಿ.